ಸಾಕುಪ್ರಾಣಿ ಪ್ರಶ್ನೋತ್ತರ: ಚಿಪ್ ಮೊದಲೋ, ಲಸಿಕೆ ಮೊದಲೋ?

ವಿದೇಶಕ್ಕೆ ಹೊರಟವರು ತಮ್ಮ ನಾಯಿ, ಬೆಕ್ಕುಗಳನ್ನು ಜೊತೆಗೆ ಕರೆದೊಯ್ಯುವ ಬಗ್ಗೆ ಬರೆದ ಪತ್ರಗಳು ಸಾಕಷ್ಟು ಸೇರಿಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಬರೆದವರಲ್ಲಿ ಹೆಚ್ಚಿನವರ ಬಳಿ ಕಾಗದಪತ್ರಗಳಿಗೆ ಕೊರತೆಯಿಲ್ಲ. ಅವುಗಳ ಮೇಲಿನ ತಾರೀಕುಗಳು ಮಾತ್ರ ಹಿಂದುಮುಂದಾಗಿವೆ. ಆದ್ದರಿಂದ ಮೊದಲ ಪತ್ರಕ್ಕೆ ತುಸು ವಿವರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಪತಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದ್ದು, ಜೂನ್ 10ಕ್ಕೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಟಿಕೆಟ್ ಆಗಿದೆ. ನಮ್ಮದು ಬೀದಿಯಿಂದ ಎತ್ತಿ ತಂದು ಸಾಕಿದ ನಾಯಿ, ಈಗ ನಾಲ್ಕು ವರ್ಷ. ಪ್ರತಿವರ್ಷ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ್ದೇವೆ. ಕೊನೆಯದು ಕಳೆದ ಅಕ್ಟೋಬರ್‌ನಲ್ಲಿ. ಈ ಜನವರಿಯ ಎರಡನೇ ವಾರ ಮೈಕ್ರೊಚಿಪ್ ಹಾಕಿಸಿದೆವು. ಲಸಿಕೆಯ ಅವಧಿ ಇನ್ನೂ ಇರುವುದರಿಂದ ಹೊರಡುವ ವಾರ ಆರೋಗ್ಯ ಪ್ರಮಾಣಪತ್ರ ಮಾಡಿಸಿದರೆ ಸಾಕೆಂದು ಪರಿಚಯದವರು ಹೇಳುತ್ತಾರೆ. ನಿಜವೇ?
(ಓದುಗರು, ಧಾರವಾಡ)

ಉತ್ತರ: ನಿಜವಲ್ಲ. ಸಂಚಿಕೆ ಅಚ್ಚಾಗಿ ಕೈಸೇರುವ ಹೊತ್ತಿಗೆ ತಡವಾಗುತ್ತದೆಂದು ಇದನ್ನು ನಿಮಗೆ ಫೋನಿನಲ್ಲಿ ಆಗಲೇ ತಿಳಿಸಿದ್ದೇನೆ; ಇಲ್ಲಿ ಬರೆಯುತ್ತಿರುವುದು ಇದೇ ದಾರಿಯಲ್ಲಿರುವ ಬೇರೆಯವರಿಗಾಗಿ.

ಮೊದಲ ತೊಡಕು ನಿಮ್ಮ ಅಕ್ಟೋಬರ್ ಲಸಿಕೆಯದು. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಮೈಕ್ರೊಚಿಪ್ ಹಾಕಿದ ಮೇಲೆ, ಅಥವಾ ಹೆಚ್ಚೆಂದರೆ ಅದೇ ದಿನ ಚಿಪ್ ಹಾಕಿ ಅದರ ಸಂಖ್ಯೆಯನ್ನು ಓದಿಕೊಂಡ ನಂತರ, ಕೊಟ್ಟ ರೇಬೀಸ್ ಲಸಿಕೆಗೆ ಮಾತ್ರ ಮಾನ್ಯತೆಯಿದೆ. ಇದು ಅಧಿಕಾರಿಗಳ ಮೊಂಡುತನವೆಂದು ಹಲವರು ಸಿಟ್ಟಾಗುತ್ತಾರೆ, ಆದರೆ ಅದರ ಹಿಂದಿನ ತರ್ಕ ಸರಳವಾಗಿದೆ. ಲಸಿಕೆ ಪುಸ್ತಕದಲ್ಲಿ "ಕಂದು ಬಣ್ಣದ ಗಂಡು ನಾಯಿ" ಎಂದು ಬರೆದಿದ್ದರೆ ಆ ವರ್ಣನೆಗೆ ಹೊಂದುವ ನಾಯಿಗಳು ಧಾರವಾಡದ ಒಂದೊಂದು ಓಣಿಯಲ್ಲಿಯೂ ಸಿಗುತ್ತವೆ. ಆ ಲಸಿಕೆ ಬಿದ್ದದ್ದು ಇದೇ ನಾಯಿಗೆ ಎನ್ನುವುದಕ್ಕೆ ಅದರ ಚರ್ಮದಡಿಯಲ್ಲಿರುವ 15 ಅಂಕಿಗಳ ಸಂಖ್ಯೆಯೊಂದೇ ಸಾಕ್ಷಿ. ಆ ಸಂಖ್ಯೆ ಹುಟ್ಟುವುದಕ್ಕೆ ಮೊದಲಿನ ಚುಚ್ಚುಮದ್ದುಗಳು ನಾಯಿಯ ಆರೋಗ್ಯಕ್ಕೆ ಒಳ್ಳೆಯದನ್ನೇ ಮಾಡಿದ್ದರೂ ಗಡಿಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನಿಮ್ಮ ನಾಯಿಗೆ ಈಗ ಮತ್ತೊಮ್ಮೆ ರೇಬೀಸ್ ಲಸಿಕೆ ಹಾಕಿಸಬೇಕು. ಐರೋಪ್ಯರ ದೃಷ್ಟಿಯಲ್ಲಿ ಅದೇ ಅದರ ಮೊದಲ ಲಸಿಕೆ.

ಎರಡನೆಯದು ರಕ್ತಪರೀಕ್ಷೆ. ರೇಬೀಸ್ ವಿಚಾರದಲ್ಲಿ ಐರೋಪ್ಯ ಒಕ್ಕೂಟವು ಕಡಿಮೆ ಅಪಾಯದವೆಂದು ಪಟ್ಟಿ ಮಾಡಿರುವ ದೇಶಗಳಲ್ಲಿ ಭಾರತ ಇಲ್ಲ. ಇಂಥ ಪಟ್ಟಿಯ ಹೊರಗಿನ ದೇಶದಿಂದ ಬರುವ ನಾಯಿ, ಬೆಕ್ಕುಗಳ ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯಗಳು ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಘಟಕದಷ್ಟು ಇವೆಯೆಂದು ಮಾನ್ಯತೆ ಪಡೆದ ಪ್ರಯೋಗಾಲಯವೊಂದು ಬರೆದುಕೊಡಬೇಕು. ಪಶುವೈದ್ಯರ ಮಾತಿನಲ್ಲಿ ಇದೇ ಟೈಟರ್ ಪರೀಕ್ಷೆ. ಲಸಿಕೆ ಹಾಕಿದ ದಿನದಿಂದ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಯಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾದು, ಆಮೇಲೆ ಮಾತ್ರ ಪ್ರಯಾಣ ಮಾಡಬೇಕು. ಈ ಮೂರು ತಿಂಗಳು ಫಲಿತಾಂಶದ ಕಾಗದ ಬಂದ ದಿನದಿಂದಲ್ಲ, ಸೂಜಿ ಚುಚ್ಚಿದ ದಿನದಿಂದ ಎಂಬುದನ್ನು ಗಮನಿಸಿ.

ಪರೀಕ್ಷೆಯಲ್ಲಿ ತೇರ್ಗಡೆಯಾದ ನಾಯಿ ಮತ್ತೇಕೆ ಕಾಯಬೇಕೆಂದು ಎಲ್ಲರೂ ಕೇಳುತ್ತಾರೆ. ರೇಬೀಸ್ ವೈರಾಣು ಕಚ್ಚಿದ ಗಾಯದಿಂದ ನರಗಳ ಮೂಲಕ ಮಿದುಳಿನತ್ತ ನಿಧಾನವಾಗಿ ಸಾಗುತ್ತದೆ. ಆ ಪಯಣದುದ್ದಕ್ಕೂ ನಾಯಿ ತಿನ್ನುತ್ತ, ಆಡುತ್ತ ಆರೋಗ್ಯವಾಗಿಯೇ ಕಾಣುತ್ತದೆ. ಲಸಿಕೆಗೆ ಮುನ್ನವೇ ಅದಕ್ಕೆ ಸೋಂಕು ತಗುಲಿದ್ದರೆ ರೋಗ ಹೊರಬೀಳಲು ಸಾಮಾನ್ಯವಾಗಿ ವಾರಗಳಿಂದ ಕೆಲವು ತಿಂಗಳುಗಳು ಬೇಕು. ಕಾಯಿಸುವುದು ಆ ಗುಪ್ತ ಅವಧಿ ನಮ್ಮ ನೆಲದಲ್ಲಿಯೇ ಮುಗಿಯಲಿ ಎಂಬ ಲೆಕ್ಕದಿಂದ.

ಈಗ ನಿಮ್ಮ ತಾರೀಕುಗಳನ್ನು ಜೋಡಿಸೋಣ. ಫೆಬ್ರವರಿ 1ಕ್ಕೆ ಲಸಿಕೆ ಹಾಕಿಸಿದರೆ ಮಾರ್ಚ್ 3ಕ್ಕೆ 30 ದಿನ ತುಂಬುತ್ತದೆ. ಮಾರ್ಚ್ 5ಕ್ಕೆ ರಕ್ತ ತೆಗೆಸಿದರೆ ಜೂನ್ 5ಕ್ಕೆ ಮೂರು ತಿಂಗಳು. ಜೂನ್ 10ರ ವಿಮಾನಕ್ಕೆ ಉಳಿಯುವುದು ಐದೇ ದಿನ. ಅಂದರೆ ನಿಮಗೆ ಒಂದು ವಾರ ಸೋಮಾರಿತನ ಮಾಡುವ ಅವಕಾಶವೂ ಇಲ್ಲ. ಅಕಸ್ಮಾತ್ ಟೈಟರ್ 0.5ಕ್ಕಿಂತ ಕಡಿಮೆ ಬಂದರೆ ಮತ್ತೆ ಲಸಿಕೆ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ನಾಲ್ಕು ವರ್ಷ ಸತತವಾಗಿ ಲಸಿಕೆ ಬಿದ್ದ ನಾಯಿಗೆ ಹಾಗಾಗುವ ಸಂಭವ ಕಡಿಮೆ. ಹಾಗಿದ್ದರೂ ನಿಮ್ಮಿಬ್ಬರಲ್ಲಿ ಒಬ್ಬರ ಟಿಕೆಟ್ ಬದಲಾಯಿಸಬಹುದಾದ ಬಗೆಯದಾಗಿರಲಿ.

ರಕ್ತವನ್ನು ಕಳುಹಿಸುವ ಪ್ರಯೋಗಾಲಯದ ಹೆಸರು ಐರೋಪ್ಯ ಒಕ್ಕೂಟದ ಮಾನ್ಯತಾ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಕಳುಹಿಸುವ ದಿನವೇ ನೋಡಿಕೊಳ್ಳಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಉಲ್ಲೇಖ ಪ್ರಯೋಗಾಲಯವೆಂಬ ಹೆಗ್ಗಳಿಕೆ ಪಡೆದದ್ದು, ಅದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಮನ್ನಣೆಯೇ ಬೇರೆ, ಪ್ರಯಾಣಕ್ಕಾಗಿ ಒಂದೊಂದು ದೇಶ ಇಟ್ಟುಕೊಂಡಿರುವ ಪಟ್ಟಿಯೇ ಬೇರೆ. ಒಂದನ್ನು ಇನ್ನೊಂದೆಂದು ತಿಳಿಯಬೇಡಿ.

ಕೊನೆಯದು ಪ್ರಮಾಣಪತ್ರ. ನಿಮ್ಮ ಪಶುವೈದ್ಯರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುವ ಚೀಟಿ ಇದಕ್ಕೆ ಆಧಾರವಾಗಬಲ್ಲದೇ ಹೊರತು ಇದರ ಬದಲಿಗೆ ನಿಲ್ಲುವುದಿಲ್ಲ. ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯ ಅಡಿಯಲ್ಲಿರುವ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಬೆಂಗಳೂರು ಕಚೇರಿಯ ಅಧಿಕಾರಿಗಳು ನಾಯಿಯನ್ನು ಕಣ್ಣಾರೆ ನೋಡಿ, ಚಿಪ್ ಓದಿ, ಐರೋಪ್ಯ ಒಕ್ಕೂಟದ ನಮೂನೆಯಲ್ಲಿಯೇ ಸಹಿ ಮಾಡಿ ಮೊಹರು ಹಾಕಬೇಕು. ಅದು ಸಹಿಯಾದ ದಿನದಿಂದ ಗಡಿ ದಾಟುವವರೆಗೆ 10 ದಿನ ಮಾತ್ರ ಚಲಾವಣೆಯಲ್ಲಿರುತ್ತದೆ. ನೀವು ಮೊದಲು ಇಳಿಯುವ ದೇಶದ ಭಾಷೆ ಆ ನಮೂನೆಯಲ್ಲಿ ಇರಬೇಕಾದ್ದರಿಂದ ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರತಿಯನ್ನೇ ತೆಗೆದುಕೊಂಡು ಹೋಗಿ. ಸಹಿಯ ಶಾಯಿ ಅಚ್ಚಿನ ಬಣ್ಣದ್ದಾಗಿರಬಾರದು, ಅಂದರೆ ಕಪ್ಪು ಅಚ್ಚಿಗೆ ನೀಲಿ ಸಹಿ; ಕೇಳಲು ಕ್ಷುಲ್ಲಕ, ಆದರೆ ನಕಲು ಪ್ರತಿಯೆಂಬ ಅನುಮಾನವನ್ನು ದೂರವಿಡುವುದು ಅದೇ. ನೀವು ಅಥವಾ ನಿಮ್ಮ ಪತಿ ನಾಯಿ ಹೋಗುವ ದಿನಕ್ಕಿಂತ ಹೆಚ್ಚೆಂದರೆ ಐದು ದಿನ ಹಿಂದೆ ಅಥವಾ ಮುಂದೆ, ಅಷ್ಟರೊಳಗೇ ಪ್ರಯಾಣ ಮಾಡಬೇಕು, ಇಲ್ಲವಾದರೆ ಅದನ್ನು ವ್ಯಾಪಾರದ ಸಾಗಣೆ ಎಂದು ಪರಿಗಣಿಸಿ ಬೇರೆ ನಿಯಮಗಳನ್ನು ಹಚ್ಚುತ್ತಾರೆ.

ತಳಿಯ ಕಾಲಮ್ಮಿನಲ್ಲಿ ಸಂಕೋಚವಿಲ್ಲದೆ ಮಿಶ್ರತಳಿ ಎಂದೇ ಬರೆಸಿ. ಜರ್ಮನಿಯು ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್, ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಮತ್ತು ಬುಲ್ ಟೆರಿಯರ್ ತಳಿಗಳನ್ನೂ ಅವುಗಳ ಬೆರಕೆಗಳನ್ನೂ ಒಳಗೆ ಬಿಡುವುದಿಲ್ಲ. ಬೀದಿಯಲ್ಲಿ ಹುಟ್ಟಿದ ನಮ್ಮ ನಾಡುನಾಯಿಗೆ ಆ ತಾಪತ್ರಯವಿಲ್ಲ.

ಪ್ರಶ್ನೆ: ಮಗಳು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದಾಳೆ. ನಾವು ದಂಪತಿ ಅಲ್ಲಿಗೇ ಹೋಗಿ ನೆಲೆಸಲಿದ್ದೇವೆ. ಐದು ತಿಂಗಳ ಬೀಗಲ್ ಮರಿಯೊಂದಿದೆ. ಬೆಂಗಳೂರಿನಿಂದ ಯುರೋಪಿನ ಮೂಲಕ ಷಾರ್ಲಟ್‌ಗೆ ಟಿಕೆಟ್ ನೋಡುತ್ತಿದ್ದೇವೆ. ಅಮೆರಿಕಕ್ಕೆ ಟೈಟರ್ ಬೇಕಿಲ್ಲ ಎಂದು ಏಜೆಂಟರೊಬ್ಬರು ಭರವಸೆ ಕೊಟ್ಟಿದ್ದಾರೆ.
(ಓದುಗರು, ಮೈಸೂರು)

ಉತ್ತರ: ಆ ಏಜೆಂಟರು ಹಳೆಯ ಪಂಚಾಂಗ ಓದುತ್ತಿದ್ದಾರೆ. ನಾಯಿಗಳಿಂದ ನಾಯಿಗಳಿಗೆ ಹರಡುವ ರೇಬೀಸ್ ತನ್ನ ನೆಲದಿಂದ ತೊಲಗಿದೆಯೆಂದು ಅಮೆರಿಕ 2007ರಲ್ಲಿ ಘೋಷಿಸಿಕೊಂಡಿತು. ಅದು ಹೊರಗಿನಿಂದ ಮರಳಿ ಬರಬಾರದೆಂಬ ಭಯ ಅವರದು. 2021ರ ಜುಲೈನಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ, ಭಾರತವೂ ಸೇರಿದಂತೆ ಹೆಚ್ಚಿನ ಅಪಾಯದ ದೇಶಗಳಿಂದ ನಾಯಿಗಳು ಬರುವುದನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು, ಮತ್ತು 2024ರ ಆಗಸ್ಟ್ 1ರಿಂದ ಆ ತಡೆಯ ಬದಲಿಗೆ ಹೊಸ ನಿಯಮಗಳನ್ನು ಜಾರಿಗೆ ತಂದಿತು. ನಿಮಗೆ ಅನ್ವಯಿಸುವುದು ಅವೇ.

ಅವುಗಳ ಪ್ರಕಾರ ಅಮೆರಿಕಕ್ಕೆ ಬರುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಚಿಪ್ ಇರಬೇಕು, ಚಿಪ್‌ನ ನಂತರವೇ ರೇಬೀಸ್ ಲಸಿಕೆ ಬಿದ್ದಿರಬೇಕು. ಲಸಿಕೆ ಮತ್ತು ಚಿಪ್‌ಗಾಗಿ ಸಿಡಿಸಿಯದೇ ನಮೂನೆಯಿದ್ದು, ಅದನ್ನು ನಿಮ್ಮ ಪಶುವೈದ್ಯರು ತುಂಬಿದ ಮೇಲೆ ಸರ್ಕಾರಿ ಪಶುವೈದ್ಯ ಅಧಿಕಾರಿ ದೃಢೀಕರಿಸಬೇಕು. ಟೈಟರ್ ಪರೀಕ್ಷೆ ಸಿಡಿಸಿ ಒಪ್ಪಿದ ಪ್ರಯೋಗಾಲಯದಲ್ಲಿ ಆಗಬೇಕು. ಮೊದಲ ಲಸಿಕೆಯ 30 ದಿನಗಳ ನಂತರ ಮತ್ತು ಅಮೆರಿಕ ತಲುಪುವ 28 ದಿನಗಳಿಗಿಂತ ಮುಂಚೆ ರಕ್ತ ತೆಗೆದಿರಬೇಕು. ಟೈಟರ್ ಇಲ್ಲದೆ ಬಂದ ನಾಯಿ ನಿಮ್ಮ ಖರ್ಚಿನಲ್ಲಿ 28 ದಿನ ಕ್ವಾರಂಟೈನ್‌ನಲ್ಲಿ ಕೂರುತ್ತದೆ. ಬಹುಶಃ ನಿಮ್ಮ ಏಜೆಂಟರು "ಬೇಕಿಲ್ಲ" ಎಂದದ್ದು ಈ ಅರ್ಥದಲ್ಲಿರಬಹುದು, ಆದರೆ 28 ದಿನಗಳ ಮಾತನ್ನು ನುಂಗಿಕೊಂಡದ್ದು ಸರಿಯಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಷಾರ್ಲಟ್ ಎಂಬ ಹೆಸರು. ಹೊರದೇಶದಲ್ಲಿ ಲಸಿಕೆ ಹಾಕಿಸಿಕೊಂಡು ಹೆಚ್ಚಿನ ಅಪಾಯದ ದೇಶದಿಂದ ಬರುವ ನಾಯಿ, ಸಿಡಿಸಿಯಲ್ಲಿ ನೋಂದಾಯಿತವಾದ ಪ್ರಾಣಿ ಆರೈಕೆ ಕೇಂದ್ರವಿರುವ ವಿಮಾನ ನಿಲ್ದಾಣಕ್ಕೇ ಇಳಿಯಬೇಕು, ಆ ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಿರಬೇಕು; ಅಲ್ಲಿ ಅದನ್ನು ಪರೀಕ್ಷಿಸಿ ಮತ್ತೊಮ್ಮೆ ರೇಬೀಸ್ ಲಸಿಕೆ ಕೊಡುತ್ತಾರೆ. ನ್ಯೂಯಾರ್ಕಿನ ಜೆಎಫ್‌ಕೆ, ವಾಷಿಂಗ್ಟನ್ ಡಲ್ಲೆಸ್, ಅಟ್ಲಾಂಟಾ, ಲಾಸ್ ಏಂಜಲೀಸ್ ಮೊದಲಾದ ಕೆಲವೇ ನಿಲ್ದಾಣಗಳಿಗೆ ಈ ಸೌಲಭ್ಯವಿದೆ. ಆದ್ದರಿಂದ ಆರೈಕೆ ಕೇಂದ್ರದ ದಿನ ಗೊತ್ತಾದ ಮೇಲೆ ಅಟ್ಲಾಂಟಾಕ್ಕೋ ಡಲ್ಲೆಸ್‌ಗೋ ಟಿಕೆಟ್ ಮಾಡಿಸಿ, ಮಗಳು ಕಾರು ತರಲಿ. ಹೊರಡುವ ಮುನ್ನ ಸಿಡಿಸಿಯ ನಾಯಿ ಆಮದು ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಅದರ ರಸೀದಿಯನ್ನು ಮುದ್ರಿಸಿ ಕೈಚೀಲದಲ್ಲಿಟ್ಟುಕೊಳ್ಳಿ. ಬೆಂಗಳೂರಿನ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.

ಪ್ರಶ್ನೆ: ಲಂಡನ್ನಿಗೆ ಬೆಕ್ಕನ್ನು ಕ್ಯಾಬಿನ್ನಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬಹುದೇ? ನಾಯಿಗಳಿಗೆ ಕೊಡುವ ಜಂತುಹುಳುವಿನ ಔಷಧಿ ಬೆಕ್ಕಿಗೂ ಕಡ್ಡಾಯವೇ?
(ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೂ ಇಲ್ಲ. ವಿಮಾನದಲ್ಲಿ ಬ್ರಿಟನ್ ಪ್ರವೇಶಿಸುವ ಸಾಕುಪ್ರಾಣಿ, ಅಂಗವಿಕಲರ ಸಹಾಯಕ ನಾಯಿಗಳನ್ನು ಬಿಟ್ಟರೆ, ಕಾರ್ಗೋ ಆಗಿಯೇ ಬರಬೇಕು; ಹೀಥ್ರೂನಲ್ಲಿ ಅವುಗಳನ್ನು ಪ್ರಾಣಿ ಸ್ವಾಗತ ಕೇಂದ್ರದಲ್ಲಿ ಪರಿಶೀಲಿಸಿ ನಿಮ್ಮ ಕೈಗೆ ಒಪ್ಪಿಸುತ್ತಾರೆ. ಚಿಪ್, ಲಸಿಕೆ, 30 ದಿನ, ಟೈಟರ್, ಮೂರು ತಿಂಗಳು, ಹತ್ತು ದಿನಗಳ ಒಳಗಿನ ಸರ್ಕಾರಿ ಪ್ರಮಾಣಪತ್ರ, ಇವೆಲ್ಲ ಧಾರವಾಡದವರಿಗೆ ಹೇಳಿದ ಕ್ರಮದಲ್ಲಿಯೇ ಇವೆ. ಪ್ರಮಾಣಪತ್ರ ಮಾತ್ರ ಬ್ರಿಟನ್ನಿನದೇ ನಮೂನೆಯದು. ಲಾಡಿಹುಳುವಿನ ಔಷಧಿ ನಾಯಿಗಳಿಗೆ ಸಂಬಂಧಿಸಿದ್ದು: ಬ್ರಿಟನ್, ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ, ನಾರ್ವೆಗಳಿಗೆ ಹೋಗುವ ನಾಯಿಗೆ ತಲುಪುವುದಕ್ಕೆ 24ರಿಂದ 120 ಗಂಟೆಗಳ ಮೊದಲು ಪಶುವೈದ್ಯರು ಅದನ್ನು ಕೊಟ್ಟು, ಗಂಟೆಯನ್ನೂ ಬರೆದು ಸಹಿ ಮಾಡಬೇಕು.

ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್‌ವರೆಗೆ ಕ್ಯಾಬಿನ್ನಿನಲ್ಲಿ ಹೋಗಿ, ಅಲ್ಲಿಂದ ಕಾರಿನಲ್ಲಿ ಕಡಲ ಸುರಂಗ ದಾಟುವ ದಾರಿಯನ್ನು ಹಲವರು ಹಿಡಿಯುತ್ತಾರೆ. ಅದು ನ್ಯಾಯಬದ್ಧವೇ. ಆದರೆ ಆಗ ಐರೋಪ್ಯ ಒಕ್ಕೂಟದ ಪ್ರಮಾಣಪತ್ರ ಒಂದು, ಬ್ರಿಟನ್ನಿನದು ಇನ್ನೊಂದು, ಹೀಗೆ ಎರಡು ಬೇಕಾಗುತ್ತವೆ. ಒಬ್ಬಳೇ ಹೋಗುತ್ತಿರುವ ವಿದ್ಯಾರ್ಥಿನಿಗೆ ಈ ಸುತ್ತು ಬೇಡವೆಂದು ನನ್ನ ಅಭಿಪ್ರಾಯ. 2000ಕ್ಕೆ ಮೊದಲು ಬ್ರಿಟನ್ನಿಗೆ ಹೋದ ಪ್ರಾಣಿಗಳು ಆರು ತಿಂಗಳು ಗೂಡಿನಲ್ಲಿ ಕಳೆಯಬೇಕಿತ್ತು; ಅದಕ್ಕೆ ಹೋಲಿಸಿದರೆ ಒಂದು ರಾತ್ರಿಯ ಕಾರ್ಗೋ ಪ್ರಯಾಣವನ್ನು ಬೆಕ್ಕು ಕ್ಷಮಿಸುತ್ತದೆ.

ಪ್ರಶ್ನೆ: ಮೆಲ್ಬರ್ನ್‌ಗೆ ಇನ್ನು ಎರಡು ತಿಂಗಳಲ್ಲಿ ಹೊರಡುತ್ತೇವೆ. ನಾಯಿಯ ಎಲ್ಲ ಲಸಿಕೆಗಳೂ ಆಗಿವೆ. ಮುಂದೇನು?
(ಓದುಗರು, ಹುಬ್ಬಳ್ಳಿ)

ಉತ್ತರ: ಮುಂದೇನೂ ಇಲ್ಲ ಎಂದು ಬರೆಯಲು ಬೇಸರವಾಗುತ್ತದೆ. ರೇಬೀಸ್ ಇಲ್ಲದ ಆಸ್ಟ್ರೇಲಿಯಾ ತಾನು ಒಪ್ಪಿದ ದೇಶಗಳಿಂದ ಮಾತ್ರ ನಾಯಿ, ಬೆಕ್ಕುಗಳನ್ನು ಬರಗೊಡುತ್ತದೆ. ಆ ಪಟ್ಟಿಯಲ್ಲಿ ಭಾರತ ಇಲ್ಲದಿರುವುದರಿಂದ ಇಲ್ಲಿಂದ ನೇರವಾಗಿ ಕರೆದೊಯ್ಯುವ ದಾರಿಯೇ ಇಲ್ಲ. ನ್ಯೂಜಿಲೆಂಡಿನ ಮಾತೂ ಇದೇ. ನಾಯಿಯನ್ನು ಮೊದಲು ಬ್ರಿಟನ್ ಅಥವಾ ಸಿಂಗಪುರದಂಥ ಒಪ್ಪಿತ ದೇಶವೊಂದಕ್ಕೆ ಆ ದೇಶದ ನಿಯಮಗಳ ಪ್ರಕಾರ ಕರೆದೊಯ್ದು, ಅಲ್ಲಿನ ಸರ್ಕಾರಿ ಪಶುವೈದ್ಯರ ಮೂಲಕ ಆಸ್ಟ್ರೇಲಿಯಾದ ತಯಾರಿ ಮುಗಿಸಿ, ಟೈಟರ್ ನಂತರದ 180 ದಿನಗಳ ಕಾಯುವಿಕೆ ಕಳೆದು, ಆಮೇಲೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಕನಿಷ್ಠ 10 ದಿನ, ಹಲವು ಪ್ರಕರಣಗಳಲ್ಲಿ 30 ದಿನ ಇರಿಸಬೇಕಾಗುತ್ತದೆ. ಲೆಕ್ಕ ಹಾಕಿದರೆ ವರ್ಷದ ಹತ್ತಿರ ಬರುತ್ತದೆ, ಖರ್ಚು ಲಕ್ಷಗಳಲ್ಲಿರುತ್ತದೆ.

ಪ್ರಭಾವದಿಂದ ಏನಾದರೂ ಆದೀತೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಮತ್ತು ಅಂದಿನ ಪತ್ನಿ ಆಂಬರ್ ಹರ್ಡ್ ತಮ್ಮ ಎರಡು ಪುಟ್ಟ ಯಾರ್ಕ್‌ಶೈರ್ ಟೆರಿಯರ್‌ಗಳನ್ನು ಖಾಸಗಿ ವಿಮಾನದಲ್ಲಿ ಘೋಷಿಸದೆ ಕರೆತಂದಾಗ, ನಾಯಿಗಳನ್ನು ವಾಪಸು ಕಳಿಸದಿದ್ದರೆ ಕೊಲ್ಲಬೇಕಾಗುತ್ತದೆಂದು ಅಲ್ಲಿನ ಕೃಷಿ ಸಚಿವರು ಬಹಿರಂಗವಾಗಿ ಎಚ್ಚರಿಸಿದರು. ನಾಯಿಗಳು ಮರಳಿದವು, ಪ್ರಕರಣ ಕೋರ್ಟು ಹತ್ತಿತು. ಹುಬ್ಬಳ್ಳಿಯ ಪ್ರಭಾವ ಅದಕ್ಕಿಂತ ಹೆಚ್ಚಿನದಾಗಿರಲಾರದು. ಎರಡು ಮೂರು ವರ್ಷಗಳ ಕೆಲಸವಾದರೆ ನಾಯಿಯನ್ನು ಅದು ಒಗ್ಗಿಕೊಂಡಿರುವ ಬಂಧುಗಳ ಮನೆಯಲ್ಲಿ ಬಿಡುವುದು ಉತ್ತಮ.

ಪ್ರಶ್ನೆ: ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಆರು ವರ್ಷದಿಂದ ಇದ್ದೇವೆ. ಈಗ ಮಂಗಳೂರಿಗೆ ಮರಳುತ್ತಿದ್ದೇವೆ. ಇಲ್ಲೇ ಹುಟ್ಟಿದ ಬೆಕ್ಕನ್ನು ತರಲು ಭಾರತದ ಕಡೆಯಿಂದ ಏನು ಬೇಕು? ಒಗ್ಗದಿದ್ದರೆ ಎರಡು ವರ್ಷದಲ್ಲಿ ಇಲ್ಲಿಗೇ ವಾಪಸು ಬರುವ ಯೋಚನೆಯೂ ಇದೆ.
(ಓದುಗರು, ಐಂಡ್‌ಹೋವನ್)

ಉತ್ತರ: ವಿದೇಶದಲ್ಲಿ ಎರಡು ವರ್ಷಕ್ಕೂ ಹೆಚ್ಚು ಸತತವಾಗಿ ಇದ್ದು ನೆಲೆಯನ್ನೇ ಬದಲಾಯಿಸಿ ಭಾರತಕ್ಕೆ ಮರಳುವವರು ತಮ್ಮೊಂದಿಗೆ ಎರಡರವರೆಗೆ ಸಾಕುಪ್ರಾಣಿಗಳನ್ನು ತರಬಹುದು, ನೀವು ಆ ಗುಂಪಿಗೆ ಸೇರುತ್ತೀರಿ. ಹೊರಡುವ ಮೊದಲೇ ನಾನು ಮೇಲೆ ಹೇಳಿದ ಪ್ರಾಣಿ ಕ್ವಾರಂಟೈನ್ ಸೇವೆಯಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಪಡೆದಿರಬೇಕು. ಪಾಸ್‌ಪೋರ್ಟ್, ಟಿಕೆಟ್, ಅಲ್ಲಿ ವಾಸವಿದ್ದುದರ ದಾಖಲೆ, ಬೆಕ್ಕಿನ ಚಿಪ್ ಸಂಖ್ಯೆ, ಲಸಿಕೆಯ ವಿವರ ಇವೆಲ್ಲವನ್ನೂ ಅರ್ಜಿಯೊಂದಿಗೆ ಕೊಡಬೇಕಾಗುತ್ತದೆ. ನಿಮ್ಮ ಪಶುವೈದ್ಯರು ತುಂಬಿದ ಆರೋಗ್ಯ ಪ್ರಮಾಣಪತ್ರಕ್ಕೆ ಡಚ್ ಸರ್ಕಾರದ ಅಧಿಕೃತ ಪಶುವೈದ್ಯರ ಮೊಹರೂ ಇರಲಿ. ಮಂಗಳೂರು ನಿಲ್ದಾಣಕ್ಕೆ ನೇರವಾಗಿ ಇಳಿಸುವ ಆಸೆ ಬಿಡಿ. ಕ್ವಾರಂಟೈನ್ ಅಧಿಕಾರಿಗಳಿರುವ ಬೆಂಗಳೂರಿಗೆ ಬಂದು, ಅಲ್ಲಿ ತಪಾಸಣೆ ಮುಗಿಸಿ, ಘಾಟಿ ಇಳಿಯುವುದು ಸರಿಯಾದ ದಾರಿ.

ನೀವು ಕೇಳದ, ಆದರೆ ನಿಮಗೆ ಅತ್ಯಂತ ಉಪಯೋಗದ ಮಾತು ಇನ್ನೊಂದಿದೆ. ಯುರೋಪ್ ಬಿಡುವ ಮೊದಲೇ ಅಲ್ಲಿ ಟೈಟರ್ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಬೆಕ್ಕಿನ ಐರೋಪ್ಯ ಪಾಸ್‌ಪೋರ್ಟಿನಲ್ಲಿ ಪಶುವೈದ್ಯರಿಂದ ನಮೂದಿಸಿಕೊಳ್ಳಿ. ಹೀಗೆ ಮಾಡಿದ ಪ್ರಾಣಿ ಭಾರತದಿಂದ ಮರಳುವಾಗ ಆ ಮೂರು ತಿಂಗಳ ಕಾಯುವಿಕೆಯಿಂದ ಬಿಡುಗಡೆ ಪಡೆಯುತ್ತದೆ. ಒಂದು ಷರತ್ತು: ಮಂಗಳೂರಿನಲ್ಲಿರುವಾಗ ಪ್ರತಿ ಬೂಸ್ಟರನ್ನೂ ಹಿಂದಿನ ಲಸಿಕೆಯ ಅವಧಿ ಮುಗಿಯುವ ಮೊದಲೇ ಹಾಕಿಸಬೇಕು. ಒಂದು ದಿನ ಜಾರಿದರೂ ಹಳೆಯ ಟೈಟರ್ ಬಿದ್ದುಹೋಗುತ್ತದೆ, ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ಕ್ಲಿನಿಕ್ಕಿಗೆ ಹೋಗಲು ಬೇಸರವಾಗುವ ಊರು ನಿಮ್ಮದು. ಗಡುವಿಗೆ ಎರಡು ವಾರ ಮೊದಲಿನ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪ್ರಶ್ನೆ: ದುಬೈಗೆ ನಮ್ಮ ಮುಧೋಳ ನಾಯಿಯನ್ನು ಕರೆದೊಯ್ಯಬೇಕು. ಅಂಗಡಿಯಲ್ಲಿ ಸಿಗುವ ದೊಡ್ಡ ಕ್ರೇಟಿನಲ್ಲಿಯೂ ಅದರ ಕಿವಿ ಮೇಲಕ್ಕೆ ತಾಗುತ್ತದೆ. ಅಷ್ಟು ಪರವಾಗಿಲ್ಲವೇ?
(ಓದುಗರು, ಬಾಗಲಕೋಟೆ)

ಉತ್ತರ: ಪರವಾಗಿಲ್ಲ ಎನ್ನುವಂತಿಲ್ಲ, ಕಾರ್ಗೋ ಕೌಂಟರಿನಲ್ಲಿ ಅಳತೆಪಟ್ಟಿ ಹಿಡಿದು ನೋಡಿ ಹಿಂದಕ್ಕೆ ಕಳುಹಿಸುತ್ತಾರೆ. ವಿಮಾನಯಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾದ ಜೀವಂತ ಪ್ರಾಣಿಗಳ ನಿಯಮಾವಳಿಯಲ್ಲಿ ಇದಕ್ಕೆ ಸೂತ್ರವೇ ಇದೆ. ನಾಯಿ ಸಹಜವಾಗಿ ನಿಂತಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಕ್ರೇಟಿನ ಒಳ ಉದ್ದ; ಭುಜದ ಅಗಲದ ಎರಡರಷ್ಟು ಒಳ ಅಗಲ; ತಲೆ ಅಥವಾ ನಿಮಿರಿದ ಕಿವಿ, ಯಾವುದು ಎತ್ತರವೋ ಅಲ್ಲಿಯವರೆಗಿನ ಅಳತೆಗೆ ಹಾಸಿಗೆಯ ದಪ್ಪ ಸೇರಿಸಿದರೆ ಒಳ ಎತ್ತರ. ನಿಮ್ಮ ನಾಯಿಯ ಉದ್ದ 80 ಸೆಂಟಿಮೀಟರ್, ಮೊಣಕೈ 40, ಭುಜ 22, ತಲೆಯ ಎತ್ತರ 90 ಎಂದಿಟ್ಟುಕೊಂಡರೆ ಕ್ರೇಟಿನ ಒಳಭಾಗ 100 ಉದ್ದ, 44 ಅಗಲ, ಹಾಸಿಗೆ ಬಿಟ್ಟು 90 ಎತ್ತರ ಇರಬೇಕು. ಇಷ್ಟು ಎತ್ತರದ, ಆದರೆ ಇಷ್ಟು ತೆಳುವಾದ ನಾಯಿಗೆ ತಯಾರಾದ ಪ್ಲಾಸ್ಟಿಕ್ ಕ್ರೇಟುಗಳು ಸಿಗುವುದು ಕಷ್ಟ, ಏಕೆಂದರೆ ಅವನ್ನು ಲ್ಯಾಬ್ರಡಾರಿನ ಮೈಕಟ್ಟು ನೋಡಿ ಮಾಡಿರುತ್ತಾರೆ. ಬಡಗಿಯಿಂದ ಪ್ಲೈವುಡ್ಡಿನಲ್ಲಿ ಮಾಡಿಸಿ, ಗಾಳಿಯಾಡುವ ಕಿಂಡಿಗಳು ಎಲ್ಲ ಬದಿಗಳಲ್ಲಿಯೂ ಇರಲಿ, ಒಳಗೆ ಒಂದು ಮೊಳೆಯ ತುದಿಯೂ ಚಾಚಿಕೊಂಡಿರದಿರಲಿ. ಈ ತಳಿಯ ಚರ್ಮ ಕಾಗದದಷ್ಟು ತೆಳು. ನೀರಿನ ಬಟ್ಟಲನ್ನು ಬಾಗಿಲು ತೆರೆಯದೆ ಹೊರಗಿನಿಂದಲೇ ತುಂಬುವಂತಿರಬೇಕು.

ಸಂಯುಕ್ತ ಅರಬ್ ಸಂಸ್ಥಾನಕ್ಕೆ ಚಿಪ್, ಲಸಿಕೆ, ಟೈಟರ್‌ಗಳ ಜೊತೆಗೆ ಅಲ್ಲಿನ ಸಚಿವಾಲಯದ ಆಮದು ಪರವಾನಗಿ ಮೊದಲೇ ಕೈಯಲ್ಲಿರಬೇಕು, ಮತ್ತು ದುಬೈಗೆ ಪ್ರಾಣಿಗಳು ಕಾರ್ಗೋ ಆಗಿಯೇ ಹೋಗುತ್ತವೆ. ಬೇಸಿಗೆಯ ನಡುವೆ ಹೊರಡಬೇಡಿ. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಮೋಟುಮೂಗಿನ ಪ್ರಾಣಿಗಳನ್ನು ಹಲವು ವಿಮಾನ ಸಂಸ್ಥೆಗಳು ಬಿಸಿಲುಗಾಲದಲ್ಲಿ ಒಯ್ಯುವುದೇ ಇಲ್ಲ. ನಿಮ್ಮದು ಉದ್ದಮೂತಿಯ ನಾಯಿ, ಉಸಿರಾಟದ ತೊಂದರೆ ಕಡಿಮೆ. ಅಂಚೆ ಇಲಾಖೆ 2005ರಲ್ಲಿ ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಮುಧೋಳಕ್ಕೂ ಅದರಲ್ಲಿ ಜಾಗ ಸಿಕ್ಕಿತ್ತು. ತಳಿಯ ಕಾಲಮ್ಮಿನಲ್ಲಿ ಮುಧೋಳ ಹೌಂಡ್ ಎಂದು ಧಾರಾಳವಾಗಿ ಬರೆಸಿ.

ಪ್ರಶ್ನೆ: ಮಗ ಟೊರಾಂಟೊದಲ್ಲಿದ್ದಾನೆ. ನಿವೃತ್ತನಾದ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಹದಿಮೂರು ವರ್ಷದ ಲ್ಯಾಬ್ರಡಾರ್ ಇದೆ, ಹೃದಯಕ್ಕೆ ಮಾತ್ರೆ ನಡೆಯುತ್ತಿದೆ. ಮಂಪರು ಬರುವ ಔಷಧಿ ಕೊಟ್ಟು ಕರೆದೊಯ್ಯಬಹುದೇ?
(ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಉತ್ತರ: ಮೇಷ್ಟ್ರೇ, ಕಾಗದದ ಮಟ್ಟಿಗೆ ನಿಮ್ಮದು ಇಲ್ಲಿನ ಎಲ್ಲ ಪತ್ರಗಳಿಗಿಂತ ಸುಲಭವಾದದ್ದು. 2022ರ ಸೆಪ್ಟೆಂಬರ್ 28ರಿಂದ ಭಾರತದಂಥ ದೇಶಗಳ ನಾಯಿಗಳನ್ನು ವ್ಯಾಪಾರಕ್ಕಾಗಿ ತರುವುದನ್ನು ಕೆನಡಾ ನಿಷೇಧಿಸಿದ್ದರೂ, ಮಾಲೀಕರು ತಮ್ಮ ಸ್ವಂತ ನಾಯಿಯನ್ನು ಇಂಗ್ಲಿಷ್ ಅಥವಾ ಫ್ರೆಂಚ್ ಭಾಷೆಯ ಸರಿಯಾದ ರೇಬೀಸ್ ಲಸಿಕೆ ಪತ್ರದೊಂದಿಗೆ ಕರೆತರಬಹುದು.

ಆದರೂ ಕರೆದೊಯ್ಯಬೇಡಿ. ಬೆಂಗಳೂರಿನಿಂದ ಟೊರಾಂಟೊಗೆ ನಡುವಿನ ಬದಲಾವಣೆ ಸೇರಿ 20 ಗಂಟೆ ದಾಟುತ್ತದೆ. ಅದಕ್ಕೆ ಮುಂಚೆ ಕಾರ್ಗೋ ವಿಭಾಗದಲ್ಲಿ ಕಾಯುವ ಗಂಟೆಗಳು ಬೇರೆ. ಮಂಪರಿನ ಔಷಧಿಯನ್ನು ವಿಮಾನ ಸಂಸ್ಥೆಗಳು ಒಪ್ಪುವುದಿಲ್ಲ, ಒಪ್ಪಿದರೂ ನಾನು ಬರೆದುಕೊಡುವುದಿಲ್ಲ. ಅದು ರಕ್ತದೊತ್ತಡವನ್ನು ಇಳಿಸುತ್ತದೆ, ಮೈಯ ಉಷ್ಣತೆ ಕಾಯ್ದುಕೊಳ್ಳುವ ಶಕ್ತಿಯನ್ನು ಕುಂದಿಸುತ್ತದೆ, ಮತ್ತು ಆಕಾಶದಲ್ಲಿ ನಾಯಿಯ ಉಸಿರು ನೋಡುವವರು ಯಾರೂ ಇರುವುದಿಲ್ಲ. ಆರೋಗ್ಯವಂತ ಎಳೆಯ ನಾಯಿಗಾದರೆ ಒಂದು ತಿಂಗಳು ಮುಂಚಿನಿಂದ ಕ್ರೇಟಿನೊಳಗೇ ಊಟ ಹಾಕಿ ಒಗ್ಗಿಸಿ ಎಂದು ಹೇಳುತ್ತಿದ್ದೆ. ನಿಮ್ಮ ನಾಯಿಗೆ ಆ ಮಾತು ಹೇಳುವ ಧೈರ್ಯ ನನಗಿಲ್ಲ. ಪಕ್ಕದ ಬೀದಿಯಲ್ಲಿರುವ ನಿಮ್ಮ ತಂಗಿಯ ಮನೆಗೆ ಅದು ದಿನವೂ ಹೋಗಿಬರುತ್ತದೆಂದು ನೀವೇ ಬರೆದಿದ್ದೀರಿ. ಹೊರಡುವ ಎರಡು ತಿಂಗಳ ಮೊದಲಿನಿಂದ ರಾತ್ರಿ ಅಲ್ಲಿಯೇ ಮಲಗುವುದನ್ನು ರೂಢಿ ಮಾಡಿಸಿ, ಮಾತ್ರೆಯ ಹೊತ್ತುಗಳನ್ನು ಅವರಿಗೆ ಬರೆದುಕೊಡಿ.

ಪ್ರಶ್ನೆ: ಮಕ್ಕಳು ಸಾಕಿರುವ ಪುಟ್ಟ ನಕ್ಷತ್ರ ಆಮೆಯನ್ನು ಸೂಟ್‌ಕೇಸಿನಲ್ಲಿ ಒಯ್ದರೆ ತೊಂದರೆಯೇ?
(ಹೆಸರು ಬೇಡ, ಕೋಲಾರ)

ಉತ್ತರ: ಸೂಟ್‌ಕೇಸಿನ ಮಾತು ಆಮೇಲೆ, ಅದನ್ನು ಮನೆಯಲ್ಲಿ ಇಟ್ಟುಕೊಂಡಿರುವುದೇ ಅಪರಾಧ. ನಕ್ಷತ್ರ ಆಮೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ನಿರ್ಬಂಧವಿದೆ. ನಮ್ಮ ಹಸಿರು ಗಿಳಿಗೂ ಇದೇ ಕಾಯ್ದೆಯ ರಕ್ಷಣೆಯಿದೆ. ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ನೀವೇ ತಿಳಿಸಿ ಒಪ್ಪಿಸಿಬಿಡಿ, ತೋಟದಲ್ಲಿ ಬಿಟ್ಟುಬರಬೇಡಿ.